ಕಾದಂಬರಿಗೊಂದು ಟೈಮ್‌ಟೇಬಲ್

ನಮ್ಮ ಉತ್ತರ ಕರ್ನಾಟಕದಲ್ಲಿ ಕಾದಂಬರಿಯ ಬೆಳೆ ತೆಗೆದವರಲ್ಲಿ ಸಾಲಿ ಮಾಸ್ತರರದು ದೊಡ್ಡ ಪಾಲು. ಕನ್ನಡ ಕಾದಂಬರಿಯ ಪಿತಾಮಹರೆಂದು ಕರೆಸಿಕೊಂಡ ಗಳಗನಾಥರು, ಎಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ಮಾಸ್ತರಿಕೆ ಮಾಡಿದವರು. ಗೋಕಾಕದ ಕೃಷ್ಣಮೂರ್ತಿ ಪುರಾಣಿಕರು ಹೈಸ್ಕೂಲು ಮಾಸ್ತರರು. ಶೇಡಬಾಳದ ಮಿರ್ಜಿ ಅಣ್ಣಾರಾಯರು, ‘ನಿಸರ್ಗ’ ಬರೆದವರು, ಅವರೂ ಮಾಸ್ತರರೇ. ಇವರ ಪುಸ್ತಕಗಳ ಬಗ್ಗೆ ಸಾಕಷ್ಟು ಮಂದಿ ಬರೆದಿದ್ದಾರೆ. ಇವರು ಯಾವ ಹೊತ್ತಿನಲ್ಲಿ ಬರೆಯುತ್ತಿದ್ದರು, ಹಾಜರಿ ಪುಸ್ತಕ ಮುಚ್ಚಿ ಕಾದಂಬರಿಯ ವಹಿ ತೆರೆಯುವಾಗ ನಿನ್ನೆ ನಿಲ್ಲಿಸಿದ ಎಳೆ ಹೇಗೆ ಕೈಗೆ ಸಿಗುತ್ತಿತ್ತು ಎಂಬುದು ಮಾತ್ರ ನನ್ನ ಮಟ್ಟಿಗೆ ಬಹಳ ದಿನದ ಕುತೂಹಲ.

ಕುತೂಹಲಕ್ಕೆ ಕಾರಣವಿದೆ. ನಾನೂ ಒಂದು ಕಾದಂಬರಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿರುವ ಬಿ.ಎ., ಬಿ.ಎಡ್. ಅಕ್ಕೋರು. ವಯಸ್ಸು ಐವತ್ತೇಳು. ನೌಕರಿ ಇನ್ನು ಮೂರು ವರ್ಷ. ಬೆಳಗಿನ ಅಡಿಗೆ, ಬಸ್ಸು, ದಿನಕ್ಕೆ ಐದಾರು ಪಿರಿಯಡ್ಡು, ಬಿಸಿಯೂಟದ ಲೆಕ್ಕ, ಮತದಾರರ ಯಾದಿ, ಸಂಜೆ ಹಾಸಿಗೆ ಹಿಡಿದ ಅತ್ತೆಯವರ ಸೇವೆ. ಇಷ್ಟರ ನಡುವೆ ಉಳಿಯುವುದು ಚೂರುಪಾರು ಸಮಯ. ಕವಿತೆಯಾದರೆ ಚೂರಿನಲ್ಲೂ ಹುಟ್ಟೀತು. ಕಾದಂಬರಿಗೆ ದಿನಗಟ್ಟಲೆ ನೆನಪು ಬೇಕು. ಮುನ್ನೂರು ಪುಟದಲ್ಲಿ ಯಾರು ಯಾವಾಗ ಎಲ್ಲಿದ್ದರೆಂಬುದನ್ನು ತಲೆಯಲ್ಲಿ ಹೊತ್ತುಕೊಂಡು ಸಾಸಿವೆ ಒಗ್ಗರಣೆ ಹಾಕುವುದು ಸುಲಭವಲ್ಲ. ಆದ್ದರಿಂದ ನನ್ನಂಥವರಿಗೆ ಯೋಜನೆ ಎಂಬುದು ಕಡ್ಡಾಯ. ನೆನಪು ಮಾಡಬೇಕಾದ ಕೆಲಸವನ್ನು ಕಾಗದಕ್ಕೆ ಒಪ್ಪಿಸಿಬಿಡಬೇಕು.

ನನ್ನ ಕಾದಂಬರಿಯ ಬೀಜ ನನ್ನ ವರ್ಗಾವಣೆಗಳಲ್ಲಿದೆ. ಮೂವತ್ತು ವರ್ಷಗಳಲ್ಲಿ ರಾಮದುರ್ಗ ತಾಲೂಕು, ಸವದತ್ತಿ ತಾಲೂಕು, ಕಿತ್ತೂರು, ಈಗ ಬೈಲಹೊಂಗಲ ಎಂದು ನಾಲ್ಕು ಕಡೆ ಕಲಿಸಿದ್ದೇನೆ. ಎಲ್ಲೇ ಹೋಗಲಿ, ಊರಿನ ಇತಿಹಾಸವನ್ನು ಒಂದು ವಹಿಯಲ್ಲಿ ಬರೆದಿಡುವ ಚಟ. ಸಮಾಜ ವಿಜ್ಞಾನ ಕಲಿಸುವವಳಿಗೆ ಅದು ಉಪಯೋಗಕ್ಕೂ ಬರುತ್ತದೆ. ಪಾಠದಲ್ಲಿ ಬರುವ ಇಸವಿಯನ್ನು ಹುಡುಗರಿಗೆ ಕಿಟಕಿಯಿಂದ ಕಾಣುವ ಗುಡ್ಡಕ್ಕೆ ಗಂಟು ಹಾಕಿ ಹೇಳಿದರೆ ಮರೆಯುವುದಿಲ್ಲ.

ಕಿತ್ತೂರಿನ ಕಥೆಯನ್ನು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಕಾದಂಬರಿ ಕಟ್ಟಹೊರಟವರು ಮೊದಲು ತಾರೀಖುಗಳನ್ನು ಸಾಲಾಗಿ ನಿಲ್ಲಿಸಿ ನೋಡಬೇಕು. ಮಲ್ಲಸರ್ಜ ದೇಸಾಯಿ ತೀರಿದ್ದು 1816ರಲ್ಲಿ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಎಂಟು ವರ್ಷ ಆಳಿ 1824ರ ಸೆಪ್ಟೆಂಬರಿನಲ್ಲಿ ತೀರಿದ. ಅವನಿಗೆ ಮಕ್ಕಳಿರಲಿಲ್ಲ. ಮಾಸ್ತಮರಡಿಯ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ದಂಡು ಬಂದು ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಗೆ ಒಯ್ದರು. 1829ರ ಫೆಬ್ರುವರಿ 2ರಂದು ಆಕೆ ಅಲ್ಲೇ ತೀರಿದಳು. ದತ್ತಕ ಪುತ್ರನ ಹೆಸರಿನಲ್ಲಿ ಮತ್ತೆ ಬಂಡೆದ್ದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಇಷ್ಟು ಬರೆದುಕೊಂಡಾಗ ಕಾದಂಬರಿಕಾರರಿಗೆ ಎದುರಾಗುವ ಮೊದಲ ಸಂಕಟ ಇದು: ಕಥೆಯ ಕೊನೆ ಊರಿಗೆಲ್ಲ ಗೊತ್ತು. ಲಾವಣಿಯಲ್ಲಿ ಕೇಳಿದ್ದಾರೆ, ನಾಟಕ ಕಂಪನಿಯವರು ಆಡಿದ್ದಾರೆ, 1961ರಲ್ಲಿ ಪಂತುಲು ಅವರ ಸಿನಿಮಾದಲ್ಲಿ ಬಿ. ಸರೋಜಾದೇವಿಯವರನ್ನು ಕಂಡಿದ್ದಾರೆ, 2024ರಲ್ಲಿ ವಿಜಯೋತ್ಸವದ ಇನ್ನೂರನೆಯ ವರ್ಷದ ಮೆರವಣಿಗೆಯನ್ನೂ ನೋಡಿದ್ದಾರೆ. ಮುಂದೇನಾಯಿತು ಎಂಬ ಕುತೂಹಲದ ಮೇಲೆ ಈ ಕಾದಂಬರಿಯನ್ನು ನಡೆಸಲಿಕ್ಕಾಗುವುದಿಲ್ಲ. ಹಾಗಾದರೆ ಯಾವುದರ ಮೇಲೆ ನಡೆಸಬೇಕು?

ದಾರಿ ಸಿಕ್ಕಿದ್ದು ವಿಚಿತ್ರ ಕಡೆಯಿಂದ. ಕಿತ್ತೂರಿನಲ್ಲಿ ಸತ್ತ ಥ್ಯಾಕರೆ ಇಂಗ್ಲಿಷ್ ಕಾದಂಬರಿಕಾರ ವಿಲಿಯಮ್ ಮೇಕ್‌ಪೀಸ್ ಥ್ಯಾಕರೆಯ ಸ್ವಂತ ಚಿಕ್ಕಪ್ಪ. ಆ ಹುಡುಗ ಹುಟ್ಟಿದ್ದು 1811ರಲ್ಲಿ ಕಲಕತ್ತೆಯಲ್ಲಿ. ಚಿಕ್ಕಪ್ಪ ನಮ್ಮ ಕೋಟೆಯ ಮುಂದೆ ಬಿದ್ದಾಗ ಅವನು ವಿಲಾಯಿತಿಯಲ್ಲಿ ಹದಿಮೂರು ವರ್ಷದ ವಿದ್ಯಾರ್ಥಿ. ಮುಂದೆ 1847ರ ಜನವರಿಯಿಂದ 1848ರ ಜುಲೈವರೆಗೆ ತಿಂಗಳಿಗೊಂದು ಕಂತಿನಂತೆ ‘ವ್ಯಾನಿಟಿ ಫೇರ್’ ಬರೆದ. ಅದರ ನಡುಮಧ್ಯದಲ್ಲಿ ವಾಟರ್ಲೂ ಯುದ್ಧ ಬರುತ್ತದೆ. ಆದರೆ ಲೇಖಕ ಯುದ್ಧಭೂಮಿಗೆ ಕಾಲಿಡುವುದೇ ಇಲ್ಲ. ಹಿಂದೆ ಉಳಿದ ಬ್ರಸೆಲ್ಸ್ ಪಟ್ಟಣದಲ್ಲಿ ಹೆಂಗಸರ ಜೊತೆ ನಿಲ್ಲುತ್ತಾನೆ. ಅವರ ಕಿವಿಗೆ ತೋಪಿನ ಸದ್ದು ಬೀಳುತ್ತದೆ, ಗಾಯಾಳುಗಳ ಗಾಡಿ ಬರುತ್ತವೆ, ಕುದುರೆಗಳಿಗೆ ಬೆಲೆ ಏರುತ್ತದೆ. ಒಂದು ಮುಖ್ಯ ಪಾತ್ರದ ಸಾವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ. ನಾಯಕನಿಲ್ಲದ ಕಾದಂಬರಿ ಎಂದು ತಾನೇ ಅದನ್ನು ಕರೆದ.

ನಮ್ಮ ಊರಿನ ಯುದ್ಧವನ್ನು ಹೇಗೆ ಬರೆಯಬೇಕೆಂದು ಥ್ಯಾಕರೆಯ ಅಣ್ಣನ ಮಗನೇ ತೋರಿಸಿಕೊಟ್ಟ ಎಂದರೆ ನಗು ಬರುತ್ತದೆ. ಆದರೆ ನಿಜ. ಕತ್ತಿ ಹಿಡಿದವರ ಕಥೆಯನ್ನು ಲಾವಣಿಕಾರರು ನನಗಿಂತ ಚೆನ್ನಾಗಿ ಹೇಳಿಬಿಟ್ಟಿದ್ದಾರೆ. ನಾನು ಅಡಿಗೆಮನೆಯ ಕಡೆ ನಿಲ್ಲಬೇಕು. ಕಿತ್ತೂರಿನ ಅರಮನೆಯ ಅವಶೇಷಗಳಲ್ಲಿ ಇಂದಿಗೂ ಸ್ನಾನದ ತೊಟ್ಟಿಗಳನ್ನು ನೋಡಬಹುದು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಧ್ರುವ ನಕ್ಷತ್ರ ಕಾಣುವ ಕಿಂಡಿಯ ಮುಂದೆ ಅವರು ಸಾಲುಗಟ್ಟುತ್ತಿದ್ದರೆ, ನಾನು ಈ ತೊಟ್ಟಿಗಳಿಗೆ ನೀರು ಹೊತ್ತವರು ಯಾರು ಎಂದು ಯೋಚಿಸುತ್ತ ನಿಂತಿರುತ್ತಿದ್ದೆ. ಹೀಗೆ ನನ್ನ ಕಾದಂಬರಿಯ ಗಂಗವ್ವ ಹುಟ್ಟಿದಳು. 1824ರಲ್ಲಿ ಹನ್ನೆರಡು ವರ್ಷದ, ಅರಮನೆಗೆ ನೀರು ಹೊರುವ ಹುಡುಗಿ. ಅವಳು ಇತಿಹಾಸದಲ್ಲಿ ಎಲ್ಲೂ ಇಲ್ಲ. ಆದರೆ ಅಂಥವಳೊಬ್ಬಳಿಲ್ಲದೆ ಅರಮನೆ ಒಂದು ದಿನವೂ ನಡೆದಿರಲಾರದು.

ಯೋಜನೆಗೆ ನಾನು ಬಳಸಿದ್ದು ಬಿ.ಎಡ್.ನಲ್ಲಿ ಕಲಿಸಿದ ಪಾಠಟಿಪ್ಪಣಿಯ ಕ್ರಮವನ್ನೇ. ಹರ್ಬಾರ್ಟನ ಐದು ಹಂತಗಳನ್ನು ನಮ್ಮ ಕಾಲದ ಮಾಸ್ತರರೆಲ್ಲ ಬಾಯಿಪಾಠ ಮಾಡಿದ್ದೇವೆ: ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಪರೀಕ್ಷೆ ಮುಗಿದ ಮೇಲೆ ಯಾರೂ ತಿರುಗಿ ನೋಡದ ಈ ಹಂತಗಳಲ್ಲಿ ಮೂರನೆಯದು ನನಗೆ ದೊಡ್ಡ ಉಪಕಾರ ಮಾಡಿತು. ನನ್ನ ನಾಲ್ಕು ಊರಿನ ನಾಲ್ಕು ವಹಿಗಳನ್ನು ಒಂದು ಬೇಸಿಗೆ ರಜೆಯಲ್ಲಿ ಪಡಸಾಲೆಯ ನೆಲದ ಮೇಲೆ ತೆರೆದಿಟ್ಟು ಹೋಲಿಸುತ್ತ ಕುಳಿತೆ.

ರಾಮದುರ್ಗದ ವಹಿಯಲ್ಲಿ ಸುರೇಬಾನದ ಕಥೆಯಿತ್ತು. 1858ರ ಮೇ 29ರ ರಾತ್ರಿ ನರಗುಂದದ ಬಾಬಾಸಾಹೇಬ, ಭಾಸ್ಕರರಾವ ಭಾವೆ, ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ನನ ಮೇಲೆ ಬಿದ್ದು ಅವನನ್ನು ಕೊಂದ. ಎರಡು ವಾರದೊಳಗೆ, ಜೂನ್ 12ರಂದು, ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಮ್ಯಾನ್‌ಸನ್ನನ ಕಡೆ ನಿಂತ ರಾಮದುರ್ಗದ ದೊರೆ ಬಾಬಾಸಾಹೇಬನ ಮಲಸಹೋದರ. ಈ ಬಂಡಾಯದ ಮೂಲದಲ್ಲಿದ್ದ ನೋವೇನು? ಮಕ್ಕಳಿಲ್ಲದ ಬಾಬಾಸಾಹೇಬನಿಗೆ ದತ್ತಕ ತೆಗೆದುಕೊಳ್ಳಲು ಕಂಪನಿ ಸರಕಾರ ಅನುಮತಿ ಕೊಡಲಿಲ್ಲ.

ಸವದತ್ತಿಯ ವಹಿಯಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯಿಯವರಿದ್ದರು. 1861ರಲ್ಲಿ ಶಿಗ್ಲಿಯ ಮನೆತನದಲ್ಲಿ ಹುಟ್ಟಿ ಶಿರಸಂಗಿ ಸಂಸ್ಥಾನಕ್ಕೆ ದತ್ತಕ ಬಂದವರು. ತಾವೂ ಮಕ್ಕಳಿಲ್ಲದೆ 1906ರಲ್ಲಿ ತೀರಿಕೊಂಡರು. ಹೋಗುವ ಮುಂಚೆ ತಮ್ಮ ಆಸ್ತಿಯನ್ನೆಲ್ಲ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮೃತ್ಯುಪತ್ರ ಬರೆದರು. ಆ ಟ್ರಸ್ಟಿನ ನೆರವಿನಿಂದ ಓದಿದವರು ಈ ಭಾಗದ ಊರೂರಿನಲ್ಲಿದ್ದಾರೆ. ಬೆಳಗಾವಿಯ ಲಿಂಗರಾಜ ಕಾಲೇಜಿನ ಹೆಸರೂ ಅವರದೇ.

ಕಿತ್ತೂರು 1824, ಸುರೇಬಾನ 1858, ಶಿರಸಂಗಿ 1906. ಮೂರು ವಹಿಗಳಲ್ಲಿ ಒಂದೇ ಶಬ್ದ: ದತ್ತಕ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದು ಸಾತಾರಾ, ಝಾನ್ಸಿಗಳನ್ನು ನುಂಗಿದ್ದು 1848ರ ನಂತರ. ಆ ಕಾಯ್ದೆಗೆ ಹೆಸರು ಬೀಳುವ ಮೊದಲೇ ಅದರ ಬಿಸಿಯನ್ನು ಉಂಡದ್ದು ನಮ್ಮ ಕಿತ್ತೂರು. ಇಷ್ಟನ್ನು ವರ್ಷಗಟ್ಟಲೆ ಕಲಿಸಿದ್ದೇನೆ. ಆದರೆ ಅದು ಕಾದಂಬರಿಯ ಬೆನ್ನೆಲುಬಾಗಬಹುದೆಂದು ಕಂಡದ್ದು ವಹಿಗಳನ್ನು ಪಕ್ಕಪಕ್ಕ ಇಟ್ಟಾಗಲೇ. ಬಿಡುವಿಲ್ಲದವರು ಯೋಜನೆ ಮಾಡುವುದರಲ್ಲಿರುವ ಲಾಭ ಇದು. ಬೇರೆ ಬೇರೆ ವರ್ಷದ, ಬೇರೆ ಬೇರೆ ಊರಿನ ಚೂರುಗಳು ಒಂದೆಡೆ ಸೇರಿದಾಗ ತಮ್ಮೊಳಗೇ ಮಾತಾಡಿಕೊಳ್ಳುತ್ತವೆ.

ಆ ಶಬ್ದ ನನ್ನನ್ನು ಹಿಡಿದು ನಿಲ್ಲಿಸಿದ್ದಕ್ಕೆ ಮನೆಯ ಕಾರಣವೂ ಇದೆ. ನಮ್ಮ ಮಗಳು ನಮಗೆ ಎಂಟು ತಿಂಗಳ ಕೂಸಾಗಿ ಬಂದವಳು. ಕಾಯ್ದೆಪ್ರಕಾರ ದತ್ತಕ ಪಡೆದೆವು. ಇದನ್ನು ಅವಳಿಂದ ಎಂದೂ ಮುಚ್ಚಿಟ್ಟಿಲ್ಲ. ಅವಳು ಏಳನೆಯ ಇಯತ್ತೆಯಲ್ಲಿದ್ದಾಗ ಕಿತ್ತೂರಿನ ಪಾಠ ಓದಿಕೊಂಡು ಒಲೆಯ ಮುಂದೆ ಬಂದು ನಿಂತಳು. “ಅವ್ವಾ, ಸಾಹೇಬ ಒಪ್ಪಲಿಲ್ಲ ಅಂದ ಮ್ಯಾಲೆ ಆ ಹುಡುಗ ಮಗಾ ಅಲ್ಲೇನು?” ಎಂದು ಕೇಳಿದಳು. ರೊಟ್ಟಿ ಬಡಿಯುವ ಕೈ ನಿಂತಿತು. “ಸಾಹೇಬಂದೇನದ ತಾಯಿ, ಮನಿಯವ್ರು ಒಪ್ಪಿದ್ರಲ್ಲ” ಎಂದೆ. “ಮತ್ತ ಆ ಹುಡುಗನ್ನ ಯಾರರ ಕೇಳಿದ್ರೇನು?” ಎಂದಳು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪಾಠದಲ್ಲೂ ಇರಲಿಲ್ಲ. ಶಿವಲಿಂಗಪ್ಪನ ಹೆಸರಿನಲ್ಲಿ ರಾಣಿ ಹೋರಾಡಿದಳು, ರಾಯಣ್ಣ ಪ್ರಾಣ ಕೊಟ್ಟ, ಕಲೆಕ್ಟರ್ ಸತ್ತ. ಇಷ್ಟೆಲ್ಲ ಯಾರಿಗಾಗಿ ನಡೆಯಿತೋ ಅವನು ಮಾತ್ರ ನಮ್ಮ ಪುಸ್ತಕಗಳಲ್ಲಿ ಒಂದು ಹೆಸರಾಗಿ ಬಂದು ಹೋಗುತ್ತಾನೆ. 1956ರ ದತ್ತಕ ಕಾಯ್ದೆ ಬರುವ ಮುನ್ನ ಹಿಂದೂ ಕಾನೂನಿನಲ್ಲಿ ಸಾಮಾನ್ಯವಾಗಿ ಹೆಣ್ಣುಮಗುವನ್ನು ದತ್ತಕ ಪಡೆಯುವಂತೆಯೇ ಇರಲಿಲ್ಲ. ನನ್ನ ಮಗಳ ಪ್ರಶ್ನೆಯನ್ನು 1824ರಲ್ಲಿ ಯಾವ ಮಗಳೂ ಕೇಳುವ ಸಂದರ್ಭವೇ ಇರಲಿಲ್ಲ. ಹೀಗೆ ನನ್ನ ಕಾದಂಬರಿಗೆ ಕೇಂದ್ರ ಸಿಕ್ಕಿತು. ಅರಮನೆಗೆ ಹೊಸದಾಗಿ ಬಂದ ಮಗನನ್ನು ನೀರಿನ ಕೊಡ ಹೊತ್ತ ಹುಡುಗಿಯೊಬ್ಬಳು ದೂರದಿಂದ ನೋಡುತ್ತಾಳೆ. ಅವಳಿಗೂ ಅಲ್ಲಿ ಯಾರೂ ತನ್ನವರಿಲ್ಲ.

ಕೇಂದ್ರ ಸಿಕ್ಕ ಮೇಲೆ ಹಂದರ. ಎರಡು ದೊಡ್ಡ ಖಾಲಿ ಜಾಗಗಳನ್ನು ಗುರುತು ಹಾಕಿಕೊಂಡೆ. ಮೊದಲನೆಯದು ಅಕ್ಟೋಬರ್ 23ರ ಗೆಲುವಿನಿಂದ ಡಿಸೆಂಬರ್ ಮೊದಲ ವಾರದ ಸೋಲಿನವರೆಗಿನ ನಲವತ್ತು ಚಿಲ್ಲರೆ ದಿನ. ಕಾಗದಪತ್ರ ಓಡಾಡಿದವು, ಸೆರೆಯಾಳುಗಳನ್ನು ಮರ್ಯಾದೆಯಿಂದ ನೋಡಿಕೊಂಡರು, ಕೊನೆಗೆ ಬಿಟ್ಟೂ ಕೊಟ್ಟರು. ಆ ಎಲಿಯಟ್ ಆಗ ಇಪ್ಪತ್ತೊಂದರ ತರುಣ. ಮುಂದೆ ಇದೇ ವಾಲ್ಟರ್ ಎಲಿಯಟ್ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿ ಉಳಿಸಿದ. ಕಿತ್ತೂರಿನಲ್ಲಿ ಸೆರೆ ಕುಳಿತಾಗ ಅವನಿಗೆ ಊಟ ಬಡಿಸಿದವರು ಯಾರು, ಏನು ಬಡಿಸಿದರು? ಇದು ಕಾದಂಬರಿಯ ಪ್ರಶ್ನೆ.

ಎರಡನೆಯ ಖಾಲಿ ಜಾಗ ಬೈಲಹೊಂಗಲದ್ದು. 1824ರ ಡಿಸೆಂಬರದಿಂದ 1829ರ ಫೆಬ್ರುವರಿಯವರೆಗೆ ಹೆಚ್ಚುಕಡಿಮೆ ಹದಿನೈದು ನೂರು ದಿನ. ಪುಸ್ತಕಗಳಲ್ಲಿ ಇದಕ್ಕೆ ಒಂದು ವಾಕ್ಯ: ಪೂಜೆ ಪುರಾಣಗಳಲ್ಲಿ ಕಾಲ ಕಳೆದಳು. ಯುದ್ಧ ನಡೆಸಿದ ಹೆಂಗಸು ಹದಿನೈದು ನೂರು ಬೆಳಗುಗಳನ್ನು ಗೋಡೆಯೊಳಗೆ ಕಂಡಳು. ನಾನು ದಿನಾ ಆ ಊರಿನಲ್ಲೇ ಬಸ್ಸಿಳಿಯುತ್ತೇನೆ. ಸಮಾಧಿಗೆ ಕೈಮುಗಿದು ಸಾಲಿಗೆ ಹೋಗುತ್ತೇನೆ. ಈ ಒಂದು ವಾಕ್ಯ ಸಾಲದು ಎಂದು ಅನ್ನಿಸದಿದ್ದರೆ ನಾನು ಕಾದಂಬರಿಗೆ ಕೈ ಹಾಕುತ್ತಲೇ ಇರಲಿಲ್ಲ.

ಹದಿನೈದು ನೂರು ದಿನಗಳನ್ನು ಪ್ರಕರಣಗಳಾಗಿ ಕತ್ತರಿಸುವುದು ಹೇಗೆ? ಇಲ್ಲಿ ಸವದತ್ತಿ ನೆರವಿಗೆ ಬಂತು. ಅಲ್ಲಿ ಕಲಿಸುವಾಗ ನನ್ನ ಹಾಜರಿ ಪುಸ್ತಕ ಎಲ್ಲಮ್ಮನ ಹುಣ್ಣಿಮೆಗಳಿಗೆ ತಕ್ಕಂತೆ ಏರಿಳಿಯುತ್ತಿತ್ತು. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದವೆಂದರೆ ಗುಡ್ಡದ ಹಾದಿಯ ತುಂಬ ಚಕ್ಕಡಿಗಳು, ಕ್ಲಾಸಿನಲ್ಲಿ ಅರ್ಧ ಹುಡುಗರಿಲ್ಲ. ಸಾಹೇಬರು ತಾರೀಖು ಎಣಿಸಿದರು, ಗಂಗವ್ವ ಹುಣ್ಣಿಮೆ ಎಣಿಸಿರಬೇಕು. ಹಾಗಾಗಿ ನಾನೂ ತಾರೀಖುಗಳನ್ನು ತಿಥಿಗೆ ತಿರುಗಿಸಿ ಹಿಂದಕ್ಕೆ ಎಣಿಸಿದೆ. ಎಣಿಕೆ ನನ್ನನ್ನು ಬೆರಗುಗೊಳಿಸಿತು. 1824ರ ಅಕ್ಟೋಬರ್ 23 ದೀಪಾವಳಿ ಅಮಾವಾಸ್ಯೆಯ ಆಸುಪಾಸು. ಕಿತ್ತೂರಿನ ಅಂಗಳಗಳಲ್ಲಿ ಸೆಗಣಿಯ ಪಾಂಡವರನ್ನು ಇಡುವ ಹೊತ್ತಿನಲ್ಲಿ ತೋಪು ಹಾರಿದೆ. ಕೋಟೆ ಬಿದ್ದದ್ದು ಹೊಸ್ತಿಲ ಹುಣ್ಣಿಮೆಯ ಆಸುಪಾಸು. ಎಲ್ಲಮ್ಮ ವಿಧವೆಯಾದಳೆಂದು ಗುಡ್ಡದಲ್ಲಿ ಬಳೆ ಒಡೆಯುವ ಹುಣ್ಣಿಮೆ ಅದು. ಚೆನ್ನಮ್ಮ ತೀರಿದ್ದು ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ನಡುವಿನ ಅಮಾವಾಸ್ಯೆಯ ಸುಮಾರಿಗೆ. ಸುರೇಬಾನದಲ್ಲಿ ಮ್ಯಾನ್‌ಸನ್ ಸತ್ತ ರಾತ್ರಿ ಹುಣ್ಣಿಮೆ ಕಳೆದು ಒಂದೆರಡು ದಿನ.

ಇದರಲ್ಲಿ ದೈವಸಂಕೇತ ಹುಡುಕುವುದು ನನ್ನ ಉದ್ದೇಶವಲ್ಲ. ಆದರೆ ಕಥೆ ಹೇಳುವವಳಿಗೆ ಒಂದು ಗಡಿಯಾರ ಸಿಕ್ಕಿತು. ಸೆರೆಮನೆಯ ಐವತ್ತು ಚಿಲ್ಲರೆ ಹುಣ್ಣಿಮೆಗಳಲ್ಲಿ ಹದಿನೆಂಟನ್ನು ಆರಿಸಿಕೊಂಡೆ. ಪ್ರತಿಯೊಂದಕ್ಕೆ ಒಂದು ಪ್ರಕರಣ. ಬೈಲಹೊಂಗಲಕ್ಕೆ ಹೊರಗಿನ ಸುದ್ದಿ ತರುವುದು ಗುಡ್ಡಕ್ಕೆ ಹೋಗಿಬರುವ ಜೋಗತಿ. ಹೀಗೆ ಸುದ್ದಿ ಹೇಗೆ ತಲುಪಿತು ಎಂಬ ಸಮಸ್ಯೆಯೂ ಬಗೆಹರಿಯಿತು. ಸುರೇಬಾನಕ್ಕೆ ಮದುವೆಯಾಗಿ ಹೋದ ಗಂಗವ್ವ 1858ರ ಆ ಬೆಳದಿಂಗಳ ರಾತ್ರಿ, ನಲವತ್ತಾರನೆಯ ವಯಸ್ಸಿನಲ್ಲಿ, ಗದ್ದಲಕ್ಕೆ ಎಚ್ಚತ್ತ ಮೊಮ್ಮಗಳಿಗೆ ಇಡೀ ಕಥೆಯನ್ನು ಹೇಳುತ್ತಾಳೆ. ಮತ್ತೊಬ್ಬ ದತ್ತಕವಿಲ್ಲದ ದೊರೆಯ ಸಿಟ್ಟು ಬಾಗಿಲಾಚೆ ನಡೆಯುತ್ತಿದೆ. ನಾಲ್ಕು ವರ್ಗಾವಣೆಯ ನಾಲ್ಕು ಊರುಗಳೂ ಹೀಗೆ ಒಂದೇ ಹಾದಿಗೆ ಬಿದ್ದವು.

ಆದರೆ ಒಂದು ಭಯ ಬಿಡುವುದಿಲ್ಲ. ನಮ್ಮ ಕಡೆ ಚೆನ್ನಮ್ಮ ಬರಿಯ ಪಾತ್ರವಲ್ಲ, ತಾಯಿ. ಕಾದಂಬರಿಯಲ್ಲಿ ನಾನು ಕಟ್ಟಿದ ಮಾತನ್ನು ನಾಳೆ ಒಬ್ಬ ಹುಡುಗ ಭಾಷಣ ಸ್ಪರ್ಧೆಯಲ್ಲಿ ಇತಿಹಾಸವೆಂದು ಹೇಳಿಬಿಡಬಹುದು. ಮಾಸ್ತರಿಕೆ ಮಾಡುವವಳೇ ಅಂಥದಕ್ಕೆ ದಾರಿ ಮಾಡಬಾರದು. ಅದಕ್ಕಾಗಿ ವಹಿಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇನೆ. ಎಡಪುಟದಲ್ಲಿ ಗೊತ್ತಿರುವ ಸಂಗತಿ, ಬಲಪುಟದಲ್ಲಿ ಕಲ್ಪನೆ. ಎಡಪುಟದ ಮನುಷ್ಯರು ಎಡಪುಟದಲ್ಲಿಲ್ಲದ ದೊಡ್ಡ ಕೆಲಸ ಮಾಡುವಂತಿಲ್ಲ. ಚೆನ್ನಮ್ಮನ ಮನಸ್ಸಿನೊಳಗೆ ನಾನು ಹೋಗುವುದಿಲ್ಲ. ಗಂಗವ್ವ ಬಾಗಿಲ ಸಂದಿಯಿಂದ ಕಂಡಷ್ಟು, ಕೊಡ ಇಳಿಸುವಾಗ ಕೇಳಿದಷ್ಟು ಮಾತ್ರ. ಇದರಿಂದ ಕೈ ಕಟ್ಟಿದಂತಾಗುತ್ತದೆ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ನೀರು ಹೊರುವವರು ಅರಮನೆಯನ್ನು ಕಂಡದ್ದೇ ಹಾಗಲ್ಲವೇ?

ಇನ್ನು ಸಮಯದ ಲೆಕ್ಕ. ಇಲ್ಲಿ ನನ್ನ ಗುರು ಥ್ಯಾಕರೆಯಲ್ಲ. ಅವನು ಕಂತಿನ ಗಡುವು ಕುತ್ತಿಗೆಗೆ ಬಂದಾಗ ಬರೆಯುತ್ತಿದ್ದ ಪೈಕಿ. ಅವನ ಗೆಳೆಯ ಆಂಟನಿ ಟ್ರೋಲಪ್ ಅಂಚೆ ಇಲಾಖೆಯ ನೌಕರ. 1834ರಲ್ಲಿ ಸೇರಿ 1867ರವರೆಗೆ ದುಡಿದ. ನೌಕರಿಯಲ್ಲಿದ್ದುಕೊಂಡೇ ಕಾದಂಬರಿಯ ಮೇಲೆ ಕಾದಂಬರಿ ಬರೆದ. ಒಟ್ಟು ನಲವತ್ತೇಳು. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂಡುವುದು, ಗಡಿಯಾರ ಎದುರಿಗಿಟ್ಟುಕೊಂಡು ಕಾಲು ತಾಸಿಗೆ 250 ಶಬ್ದ. ರೈಲಿನಲ್ಲಿ ಕೂತರೆ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುವುದು. 1860ರಲ್ಲಿ ‘ಕಾರ್ನ್‌ಹಿಲ್’ ಪತ್ರಿಕೆ ಶುರುವಾದಾಗ ಸಂಪಾದಕ ಥ್ಯಾಕರೆ ಪ್ರಕಟಿಸಿದ್ದು ಇವನ ಕಾದಂಬರಿಯನ್ನೇ. ತನ್ನ ಆತ್ಮಕಥೆಯಲ್ಲಿ ಟ್ರೋಲಪ್ ಇನ್ನೂ ಒಂದು ಸಂಗತಿ ಹೇಳುತ್ತಾನೆ. ಬೆಳಿಗ್ಗೆ ಎಬ್ಬಿಸಿ ಕಾಫಿ ಕೊಡುವ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚು ಕೊಡುತ್ತಿದ್ದನಂತೆ. ಇದನ್ನು ಓದಿದಾಗ ನಮ್ಮ ಯಜಮಾನರಿಗೆ ಹೇಳಿದೆ. “ನಿನ್ನ ಎಬ್ಬಸಾಕ ಹಾಲಿನಾಂವ ಅದಾನಲ್ಲ, ಪುಕ್ಕಟ” ಎಂದರು.

ಕಾಲು ತಾಸಿಗೆ 250 ಶಬ್ದ ನನ್ನಿಂದ ಸಾಧ್ಯವಿಲ್ಲ. ಒಂದು ಆಫ್ ಪಿರಿಯಡ್ಡಿನಲ್ಲಿ 150 ಎಂದು ಗೊತ್ತು ಮಾಡಿಕೊಂಡೆ. ವಾರಕ್ಕೆ ನಾಲ್ಕು ದಿನ, ಎಂದರೆ 600. ವರ್ಷಕ್ಕೆ ನಲವತ್ತು ವಾರ ಹಿಡಿದರೆ 24,000. ಎರಡು ವರ್ಷಕ್ಕೆ 48,000. ಇನ್ನೂರು ಪುಟದ ಕಾದಂಬರಿ. ಮೂರನೆಯ ವರ್ಷ ತಿದ್ದುವುದಕ್ಕೆ. ನಿವೃತ್ತಿಯ ಶಾಲು ಹೊದಿಸುವ ದಿನ ಹಸ್ತಪ್ರತಿ ಕೈಯಲ್ಲಿರಬೇಕೆಂಬ ಆಸೆ. ಲೆಕ್ಕ ಕಾಗದದ ಮೇಲೆ ಎಷ್ಟು ಚೆಂದ! 2025ರ ದಸರೆ ರಜೆಯನ್ನು ಏಳು ಪ್ರಕರಣಕ್ಕೆ ಮೀಸಲಿಟ್ಟಿದ್ದೆ. ಅಷ್ಟರಲ್ಲಿ ಜಾತಿಗಣತಿಯ ಕೆಲಸ ಬಂತು. ಮನೆಮನೆ ತಿರುಗಿ ಪ್ರಶ್ನೆ ಕೇಳುವುದರಲ್ಲಿ ರಜೆ ತೀರಿತು. ಆದರೆ ಒಂದು ಮನೆಯಲ್ಲಿ ಅಜ್ಜಿಯೊಬ್ಬರು “ಮಕ್ಕಳೆಷ್ಟು?” ಎಂದದ್ದಕ್ಕೆ “ಹಡದವ್ರು ಇಬ್ರು, ಸಾಕಿದವ್ರನ್ನ ಬರಕೊಳ್ಳೂದಿಲ್ಲೇನು?” ಎಂದು ಮರುಪ್ರಶ್ನೆ ಹಾಕಿದರು. ಅದು ಆ ರಾತ್ರಿಯೇ ಬಲಪುಟಕ್ಕೆ ಹೋಯಿತು. ಈಗ ಅದು ಗಂಗವ್ವನ ಬಾಯಲ್ಲಿದೆ.

ಇಂಥ ಅಡಚಣೆಗಳನ್ನು ನೋಡಿಯೇ ಯೋಜನೆಯನ್ನು ಮುರಿಯಲು ಬರುವಂತೆ ಮಾಡಬೇಕೆಂದು ಕಲಿತಿದ್ದೇನೆ. ಗಳಗನಾಥರು ಮಾಸಪತ್ರಿಕೆಗಾಗಿ ಕಾದಂಬರಿ ಬರೆದವರು. ಕಂತಿನ ಕಾದಂಬರಿಯಲ್ಲಿ ಪ್ರತಿ ತುಂಡಿಗೂ ತನ್ನದೇ ಒಂದು ಮೊದಲು, ಒಂದು ಕೊನೆ ಇರಲೇಬೇಕು. ಬಿಡುವಿಲ್ಲದ ಲೇಖಕಿಗೂ ಅದೇ ಸರಿ. ನನ್ನ ಪ್ರಕರಣಗಳು ಸಾವಿರದ ಮುನ್ನೂರು ಶಬ್ದ ಮೀರುವುದಿಲ್ಲ. ಎರಡು ವಾರದಲ್ಲಿ ಒಂದು ಮುಗಿಯುತ್ತದೆ. ಪರೀಕ್ಷೆ ಬಂದು ಒಂದು ತಿಂಗಳು ವಹಿ ಮುಟ್ಟದಿದ್ದರೂ ಅರ್ಧ ಕಡಿದ ಎಳೆ ಉಳಿದಿರುವುದಿಲ್ಲ. ಬರೆಯುವುದನ್ನು ನಿಲ್ಲಿಸುವ ಮುನ್ನ ಮುಂದಿನ ದಿನದ ಮೊದಲ ಕೆಲಸವನ್ನು ಒಂದು ಸಾಲಿನಲ್ಲಿ ಬರೆದಿಡುತ್ತೇನೆ. “ಎಲಿಯಟ್ ನೀರು ಕೇಳುತ್ತಾನೆ, ಭಾಷೆ ಬಾರದು” ಎಂಬಂಥ ಸಾಲು. ಹಾಜರಿ ಕರೆದು ಬಂದವಳು ಅಲ್ಲಿಂದಲೇ ಹಿಡಿಯಬಹುದು. ಇನ್ನು ಹರ್ಬಾರ್ಟನ ನಾಲ್ಕನೆಯ ಹಂತ, ಸಾಮಾನ್ಯೀಕರಣ. ಅದನ್ನು ಕಾದಂಬರಿಯಿಂದ ಹೊರಗಿಟ್ಟಿದ್ದೇನೆ. ಪಾಠದ ಕೊನೆಗೆ ಸಾರಾಂಶ ಹೇಳುವ ನಮ್ಮ ಕುಲಕಸುಬು ಕಥೆಗೆ ಒಗ್ಗುವುದಿಲ್ಲ.

“ನಿವೃತ್ತಿ ಆದ ಮೇಲೆ ನಿಶ್ಚಿಂತಿಯಿಂದ ಬರೀರಿ” ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಉದಾಹರಣೆಗಳೂ ಇವೆ. ಮಾಸ್ತಿಯವರು ಮೈಸೂರು ಸರಕಾರದ ದೊಡ್ಡ ಅಧಿಕಾರದಿಂದ ಹೊರಬಂದ ಮೇಲೆ 1949ರಲ್ಲಿ ‘ಚೆನ್ನಬಸವನಾಯಕ’, 1956ರಲ್ಲಿ ‘ಚಿಕವೀರ ರಾಜೇಂದ್ರ’ ಬರೆದರು. ಎರಡೂ ನಮ್ಮ ಕಿತ್ತೂರಿನಂತೆ ಅಳಿದ ಸಂಸ್ಥಾನಗಳ ಕಥೆ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಬಂದಾಗ ಅವರಿಗೆ ನಲವತ್ತಾರು ವರ್ಷ. ಹೊತ್ತು ಮೀರಿತೆಂದು ಯಾರೂ ಹೇಳಬೇಕಾಗಿಲ್ಲ. ಆದರೂ ನಾನು ಕಾಯಲಾರೆ. ನನ್ನ ಕಾದಂಬರಿಯ ಮಾತುಗಳು ಬರುವುದು ಬಸ್ಸಿನಿಂದ, ಸ್ಟಾಫ್ ರೂಮಿನಿಂದ, ಬಿಸಿಯೂಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಹುಡುಗಿಯರಿಂದ. ನಿವೃತ್ತಿಯಾಗಿ ಮನೆಯಲ್ಲಿ ಕೂತರೆ ಸಮಯ ಸಿಕ್ಕೀತು, ಗಂಗವ್ವನ ದನಿ ಸಿಗಲಾರದು.

ಸದ್ಯ ಮೂವತ್ತಾರು ಪ್ರಕರಣಗಳ ಪಟ್ಟಿ ಅಡಿಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದೆ. ಹದಿನಾಲ್ಕರ ಮುಂದೆ ಸರಿ ಗುರುತು ಬಿದ್ದಿದೆ. ಮಗಳು ಈಗ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಾಳೆ. ಊರಿಗೆ ಬಂದಾಗಲೆಲ್ಲ ಕಪಾಟು ತೆಗೆದು ಎಷ್ಟಾಯಿತೆಂದು ನೋಡುತ್ತಾಳೆ. ಹದಿನೈದನೆಯದರಲ್ಲಿ ಶಿವಲಿಂಗಪ್ಪ ಮೊದಲ ಸಲ ಬಾಯಿ ಬಿಟ್ಟು ಮಾತನಾಡಬೇಕು. ಎಡಪುಟ ಖಾಲಿಯಿದೆ. ಅವನ ಮಾತನ್ನು ಯಾರೂ ಬರೆದಿಟ್ಟಿಲ್ಲ. ಬಲಪುಟದಲ್ಲಿ ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದೇನೆ. ಕಳೆದ ಸಲ ಬಂದಾಗ ಮಗಳು ಅದನ್ನು ಓದಿ, ಪೆನ್ಸಿಲ್ಲಿನಿಂದ ಪಕ್ಕದಲ್ಲಿ ಒಂದು ಸಾಲು ಬರೆದು ಹೋಗಿದ್ದಾಳೆ. ಅವನು ಗಂಗವ್ವನಿಗೆ ಮಾಸ್ತಮರಡಿ ಇಲ್ಲಿಂದ ಎಷ್ಟು ದೂರ ಎಂದು ಕೇಳುತ್ತಾನಂತೆ. ಸೋಮವಾರದ ಆಫ್ ಪಿರಿಯಡ್ಡಿಗೆ ಅಲ್ಲಿಂದ ಹಿಡಿಯಬೇಕು.